ಮೊಬೈಲ್‌ನಲ್ಲೇ ಮ್ಯೂಸಿಕ್ ವಿಡಿಯೊ: ಹಾಡು ಆರಿಸುವುದರಿಂದ ಅಪ್‌ಲೋಡ್‌ವರೆಗೆ, ಕಾಲೇಜು ತಂಡಗಳಿಗೆ

ಕಾಲೇಜು ತಂಡಗಳು ಮಾಡುವ ಮ್ಯೂಸಿಕ್ ವಿಡಿಯೊಗಳಲ್ಲಿ ಒಂದೇ ಬಗೆಯ ತೊಂದರೆ ಮತ್ತೆ ಮತ್ತೆ ಕಾಣುತ್ತದೆ. ಮೊದಲ ಒಂದು ನಿಮಿಷ ಚೆನ್ನಾಗಿರುತ್ತದೆ. ಆಮೇಲೆ ಪಲ್ಲವಿ ಎರಡನೇ ಸಲ ಬರುತ್ತದೆ, ತೋರಿಸಲು ಏನೂ ಉಳಿದಿರುವುದಿಲ್ಲ. ಹುಡುಗ ಮತ್ತೆ ನಡೆಯುತ್ತಾನೆ, ಮತ್ತೆ ಆಕಾಶ ನೋಡುತ್ತಾನೆ, ನಡುವೆ ಒಂದು ಡ್ರೋನ್ ಶಾಟ್. ಪಾಪ, ಕ್ಯಾಮೆರಾ ಏನು ಮಾಡೀತು? ಹಾಡನ್ನು ಕಾಗದದ ಮೇಲೆ ಬಿಡಿಸಿ ನೋಡದೆ ಶೂಟಿಂಗ್‌ಗೆ ಹೊರಟರೆ ಹೀಗೇ ಆಗುತ್ತದೆ.

ನಮ್ಮ ಹಾಡುಗಳ ಕಟ್ಟೇ ಅಂಥದ್ದು. ಪಲ್ಲವಿ, ಚರಣ, ಮತ್ತೆ ಪಲ್ಲವಿ, ಇನ್ನೊಂದು ಚರಣ, ಮತ್ತೂ ಪಲ್ಲವಿ. ಕಿವಿಗೆ ಅದೇ ಸಾಲು ಮೂರು ಸಲ ಕೇಳಿಸುತ್ತದೆ. ಕಣ್ಣಿಗೆ ಮೂರು ಸಲವೂ ಅದೇ ಕಂಡರೆ ಬೇಜಾರು, ಏನೇನೋ ಕಂಡರೆ ಗೊಂದಲ. ಈ ಒಂದು ಪ್ರಶ್ನೆಯನ್ನು ಬಿಡಿಸಿಕೊಂಡರೆ ಅರ್ಧ ವಿಡಿಯೊ ಆದ ಹಾಗೆ. ಕೆಳಗಿನ ಹಂತಗಳಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಸಾಮಾನಿನ ಪಟ್ಟಿ ಚಿಕ್ಕದು. ಒಂದು ಒಳ್ಳೆಯ ಮೊಬೈಲ್, ಟ್ರೈಪಾಡ್, ಒಂದು ಸ್ಪೀಕರ್, ಪವರ್ ಬ್ಯಾಂಕ್, ಎರಡು ಥರ್ಮಾಕೋಲ್ ಹಾಳೆ, ಒಂದು ಬಿಳಿ ಪಂಚೆ, ಎಡಿಟಿಂಗ್‌ಗೆ ಒಂದು ಲ್ಯಾಪ್‌ಟಾಪ್. ಗಿಂಬಲ್ (ಕೈಯ ಅಲುಗಾಟ ತಡೆಯುವ ಹಿಡಿ) ಸಿಕ್ಕರೆ ಸಿಗಲಿ, ಇಲ್ಲದಿದ್ದರೂ ನಡೆಯುತ್ತದೆ.

ಹಂತ 1: ಹಾಡು ಯಾರದ್ದು?

ಮೊದಲು ಇದನ್ನು ಬಗೆಹರಿಸಿಕೊಳ್ಳಿ. ಇಲ್ಲದಿದ್ದರೆ ಕೊನೆಯಲ್ಲಿ ಅಪ್‌ಲೋಡ್ ಮಾಡಿದ ಕೂಡಲೇ ಹಾಡು ಬೇರೆಯವರದು ಅಂತ ಯೂಟ್ಯೂಬ್ ಕ್ಲೇಮ್ ಹಾಕುತ್ತದೆ. ಹಣದ ಮಾತು ಹಾಗಿರಲಿ, ಕೆಲವೊಮ್ಮೆ ವಿಡಿಯೊವೇ ಬ್ಲಾಕ್ ಆಗುತ್ತದೆ.

ಒಂದು ಹಾಡಿನಲ್ಲಿ ಮೂರು ಹಕ್ಕುಗಳಿರುತ್ತವೆ. ಸಾಹಿತ್ಯ ಒಂದು, ರಾಗಸಂಯೋಜನೆ ಇನ್ನೊಂದು, ಧ್ವನಿಮುದ್ರಣ ಮತ್ತೊಂದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಕವಿಯ ಜೀವಮಾನ ಪೂರ್ತಿ, ಆಮೇಲೆ ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಸಾಹಿತ್ಯದ ಹಕ್ಕು ಇರುತ್ತದೆ. ಸಂಗೀತ ಸಂಯೋಜಕರಿಗೂ ಇದೇ ಲೆಕ್ಕ. ಧ್ವನಿಮುದ್ರಣಕ್ಕೆ ಅದು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ.

ಬೇಂದ್ರೆ ತೀರಿಕೊಂಡದ್ದು 1981ರಲ್ಲಿ. ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಇರುತ್ತದೆ. ಶಿಶುನಾಳ ಷರೀಫರು ತೀರಿಕೊಂಡದ್ದು 1889ರಲ್ಲಿ. ಅವರ ತತ್ವಪದಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಅದೇ ಪದಕ್ಕೆ ಸಿ. ಅಶ್ವತ್ಥ್ ಹಾಕಿದ ಸಂಯೋಜನೆ ಬೇರೆ ಸ್ವತ್ತು, ಆ ರೆಕಾರ್ಡಿಂಗ್ ಮತ್ತೂ ಬೇರೆ. ಹಳೆಯ ಪದ ಅಂತ ಹೊಸ ಕ್ಯಾಸೆಟ್ಟಿನ ಹಾಡನ್ನು ಎತ್ತಿಕೊಂಡು ಸಿಕ್ಕಿಬೀಳುವವರು ಬಹಳ. ವಚನ, ದಾಸರ ಪದ, ತತ್ವಪದಗಳಿಗೆ ನಿಮ್ಮದೇ ಧಾಟಿ ಹಾಕಿ ನೀವೇ ಹಾಡಿದರೆ ಈ ತಲೆನೋವು ಇಲ್ಲ.

ನನ್ನ ಸಲಹೆ ಏನೆಂದರೆ, ಕ್ಲಾಸಿನಲ್ಲಿ ಬರೆಯುವವರು, ಹಾಡುವವರು ಯಾರಾದರೂ ಇದ್ದೇ ಇರುತ್ತಾರೆ. ಅವರ ಸ್ವಂತ ಹಾಡನ್ನೇ ಮಾಡಿ. ಸುಮಾರು ಮೂರೂವರೆ ನಿಮಿಷ ಸಾಕು. ಹಾಡನ್ನು ಮೊದಲೇ ರೆಕಾರ್ಡ್ ಮಾಡಿ, ಮಿಕ್ಸ್ ಮುಗಿಸಿ, 48 ಕಿಲೊಹರ್ಟ್ಸ್ ವೇವ್ ಫೈಲ್ ಆಗಿ ಇಟ್ಟುಕೊಳ್ಳಿ. ವಿಡಿಯೊದಲ್ಲಿ ಆಡಿಯೊ ಸಾಮಾನ್ಯವಾಗಿ 48 ಕಿಲೊಹರ್ಟ್ಸ್‌ನಲ್ಲೇ ಇರುತ್ತದೆ. ಶೂಟಿಂಗ್ ಆದಮೇಲೆ ಹಾಡಿನ ವೇಗ ಬದಲಿಸುವ ಹಾಗಿಲ್ಲ, ಒಂದು ಸಾಲೂ ಸೇರಿಸುವ ಹಾಗಿಲ್ಲ. ಇದನ್ನು ಹಾಡುಗಾರರಿಗೆ ಮೊದಲೇ ಹೇಳಿಬಿಡಿ, ಯಾಕೆಂದರೆ ಅವರಿಗೆ ಕೊನೆಯ ಕ್ಷಣದವರೆಗೂ ಏನಾದರೂ ತಿದ್ದುವ ಆಸೆ ಇರುತ್ತದೆ.

ಹಂತ 2: ಹಾಡನ್ನು ಕಾಗದಕ್ಕೆ ಇಳಿಸಿ

ಇದಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ಇಡೀ ತಂಡ ಕೂರಲಿ. ಒಬ್ಬರು ಹಾಡು ಹಾಕಲಿ, ಒಬ್ಬರು ಬರೆಯಲಿ.

ಮೊದಲು ವೇಗ. ಒಂದು ನಿಮಿಷಕ್ಕೆ ಎಷ್ಟು ಬೀಟ್ (ಬಿಪಿಎಂ) ಅಂತ ನೋಡಿ. ಹಾಡು ರೆಕಾರ್ಡ್ ಮಾಡಿದವರಿಗೆ ಗೊತ್ತಿರುತ್ತದೆ, ಇಲ್ಲದಿದ್ದರೆ ಕೈಯಲ್ಲಿ ತಾಳ ಹಾಕಿ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ನಮ್ಮ ಉದಾಹರಣೆಗೆ 100 ಬಿಪಿಎಂ ಅಂತಿಟ್ಟುಕೊಳ್ಳೋಣ. ಹಾಡಿನ ಉದ್ದ 3 ನಿಮಿಷ 36 ಸೆಕೆಂಡ್.

100 ಬಿಪಿಎಂ ಅಂದರೆ ಒಂದು ಬೀಟಿಗೆ 0.6 ಸೆಕೆಂಡ್. ಸೆಕೆಂಡಿಗೆ 25 ಫ್ರೇಮಿನಲ್ಲಿ ಶೂಟ್ ಮಾಡಿದರೆ ಬೀಟಿಗೆ ಸರಿಯಾಗಿ 15 ಫ್ರೇಮ್. ನಾಲ್ಕು ಬೀಟಿನ ಒಂದು ಸುತ್ತನ್ನು ಒಂದು ಬಾರ್ ಅನ್ನೋಣ. ಬಾರಿಗೆ 2.4 ಸೆಕೆಂಡ್, 60 ಫ್ರೇಮ್. ಇಡೀ ಹಾಡು 90 ಬಾರ್. ಕೆಹರ್ವಾ ತಾಳದ ಎಂಟು ಮಾತ್ರೆಗೆ ಈ ನಾಲ್ಕರ ಲೆಕ್ಕ ಸಲೀಸಾಗಿ ಹೊಂದುತ್ತದೆ. ಹಾಡು ದಾದ್ರಾದಲ್ಲಿದ್ದರೆ ಆರು ಮಾತ್ರೆಗೆ ಒಂದು ಸುತ್ತು ಎಣಿಸಿ. ಇಷ್ಟೆಲ್ಲ ಗಣಿತ ಯಾಕೆ ಅಂದರೆ, ಎಡಿಟಿಂಗ್ ಟೇಬಲ್ಲಿನ ಮೇಲೆ ಯಾವ ಶಾಟ್ ಎಷ್ಟು ಉದ್ದ ಬೇಕು ಅನ್ನುವುದು ಈಗಲೇ ತಿಳಿಯುತ್ತದೆ.

ಈಗ ಹಾಡನ್ನು ತುಂಡು ಮಾಡಿ. ನಮ್ಮ ಉದಾಹರಣೆಯ ಹಾಳೆ ಹೀಗಿರುತ್ತದೆ:

- ಆರಂಭದ ಬಿಜಿಎಂ (ಬರೀ ವಾದ್ಯದ ಭಾಗ): 8 ಬಾರ್, 0:00ರಿಂದ 0:19
- ಪಲ್ಲವಿ: 12 ಬಾರ್, 0:48ರವರೆಗೆ
- ಬಿಜಿಎಂ: 8 ಬಾರ್, 1:07ರವರೆಗೆ
- ಮೊದಲ ಚರಣ: 16 ಬಾರ್, 1:46ರ ಹತ್ತಿರದವರೆಗೆ
- ಪಲ್ಲವಿ, ಅರ್ಧ: 6 ಬಾರ್, 2:00ರವರೆಗೆ
- ಬಿಜಿಎಂ: 10 ಬಾರ್, 2:24ರವರೆಗೆ
- ಎರಡನೇ ಚರಣ: 16 ಬಾರ್, 3:02ರವರೆಗೆ
- ಪಲ್ಲವಿ, ಪೂರ್ತಿ: 12 ಬಾರ್, 3:31ರವರೆಗೆ
- ಮುಕ್ತಾಯ: 2 ಬಾರ್

ಪ್ರತಿ ಸಾಲಿನ ಪಕ್ಕ ಎರಡು ಖಾನೆ ಬಿಡಿ. ಒಂದರಲ್ಲಿ ಕೇಳಿಸುವುದು: ತಬಲ ಎಲ್ಲಿ ಶುರುವಾಯಿತು, ಎಲ್ಲಿ ಕೊಳಲು ಒಂದೇ ಉಳಿಯಿತು, ಎಲ್ಲಿ ಒಂದು ಕ್ಷಣ ಎಲ್ಲವೂ ನಿಂತಿತು. ಇನ್ನೊಂದರಲ್ಲಿ ಕಾಣಿಸುವುದು. ಎರಡನೇ ಖಾನೆಯನ್ನು ಸದ್ಯ ಖಾಲಿ ಬಿಡಿ, ಮುಂದಿನ ಹಂತದಲ್ಲಿ ತುಂಬೋಣ.

ಹಂತ 3: ಪಲ್ಲವಿಗೆ ಒಂದು ಜಾಗ ಕೊಡಿ

ಹಾಡಿನ ಮಾತಿನಲ್ಲಿ ನದಿ ಬಂದ ಕೂಡಲೇ ನದಿ, ಹೂವು ಬಂದ ಕೂಡಲೇ ಹೂವು ತೋರಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಕಿವಿ ಆಗಲೇ ಕೇಳಿಸಿಕೊಂಡದ್ದನ್ನು ಕಣ್ಣು ಇನ್ನೊಂದು ಸಲ ಹೇಳಬೇಕಾಗಿಲ್ಲ.

ಬದಲಿಗೆ ಹೀಗೆ ಮಾಡಿ. ಪಲ್ಲವಿಗೆ ಒಂದೇ ಜಾಗ ಗೊತ್ತು ಮಾಡಿ. ಮೂರು ಸಲವೂ ಅಲ್ಲಿಗೇ ವಾಪಸ್ ಬನ್ನಿ. ಆದರೆ ಪ್ರತಿ ಸಲ ಅಲ್ಲಿ ಒಂದು ಸಂಗತಿ ಬದಲಾಗಿರಲಿ. ನಮ್ಮ ಉದಾಹರಣೆಯ ಹಾಡು ಹಳ್ಳಿಯಿಂದ ಪೇಟೆಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ಹುಡುಗಿಯದು ಅಂತ ಇಟ್ಟುಕೊಳ್ಳಿ. ಪಲ್ಲವಿಯ ಜಾಗ ಊರಾಚೆಯ ಬಸ್ ಸ್ಟಾಪು. ಮೊದಲ ಪಲ್ಲವಿಯಲ್ಲಿ ಆಕೆ ಕಲ್ಲುಬೆಂಚಿನ ಒಂದು ತುದಿಯಲ್ಲಿ ಮುದುಡಿ ಕೂತಿದ್ದಾಳೆ, ಹೊಸ ಬ್ಯಾಗು. ಎರಡನೆಯದರಲ್ಲಿ ಅದೇ ಬೆಂಚು, ಸಂಜೆ, ಆಕೆ ಪುಸ್ತಕ ಬಿಚ್ಚಿಕೊಂಡು ನಡುವೆ ಕೂತಿದ್ದಾಳೆ. ಮೂರನೆಯದರಲ್ಲಿ ಬೆಂಚಿನ ಇನ್ನೊಂದು ತುದಿಯಲ್ಲಿ ಬೇರೊಬ್ಬ ಚಿಕ್ಕ ಹುಡುಗಿ ಹೊಸ ಬ್ಯಾಗು ಹಿಡಿದು ಮುದುಡಿ ಕೂತಿದ್ದಾಳೆ, ನಮ್ಮವಳು ಆಕೆಗೆ ಜಾಗ ಮಾಡಿಕೊಡುತ್ತಾಳೆ. ಕಥೆ ಇಷ್ಟೇ. ಎರಡು ವರ್ಷ ಕಳೆಯಿತು ಅಂತ ಅಕ್ಷರ ಹಾಕಬೇಕಾಗಿಲ್ಲ.

ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಪಲ್ಲವಿಗಳೆಲ್ಲ ಸೇರಿ 30 ಬಾರ್, ಅಂದರೆ 72 ಸೆಕೆಂಡ್. ಹಾಡಿನ ಮೂರನೇ ಒಂದು ಭಾಗ ಒಂದೇ ಜಾಗದಲ್ಲಿ, ಬಟ್ಟೆ ಬದಲಿಸಿಕೊಂಡು, ಒಂದೇ ದಿನ ಮುಗಿಯುತ್ತದೆ. ಬಸ್ಸಿನ ಖರ್ಚೂ ಉಳಿಯಿತು.

ಚರಣಗಳಲ್ಲಿ ಕಥೆ ನಡೆಯಲಿ. ಮೊದಲ ಚರಣ ಮನೆ, ಎರಡನೆಯದು ಕಾಲೇಜು. ಬಿಜಿಎಂಗಳಲ್ಲಿ ಹಾಡುವ ಮುಖ ಇರುವುದಿಲ್ಲ, ಹಾಗಾಗಿ ಅಲ್ಲಿ ಕೈ, ಕಾಲು, ದಾರಿ, ವಾದ್ಯ ನುಡಿಸುವವರು. ಒಟ್ಟು ಲೊಕೇಶನ್ ಮೂರು ಮೀರಬಾರದು. ಹೊಸ ಲೊಕೇಶನ್ ಸೇರಿಸೋಣ ಅಂತ ಯಾರಾದರೂ ಹೇಳಿದಾಗಲೆಲ್ಲ ಒಂದು ಪ್ರಶ್ನೆ ಕೇಳಿ: ಯಾವ ಬಾರಿನಿಂದ ಯಾವ ಬಾರಿಗೆ? ಉತ್ತರ ಇಲ್ಲದಿದ್ದರೆ ಅದು ಸುಮ್ನೆ ಆಸೆ, ಬಿಟ್ಟುಬಿಡಿ.

ಹಂತ 4: ಶಾಟ್ ಪಟ್ಟಿ

ಸರಾಸರಿ 3 ಸೆಕೆಂಡಿಗೆ ಒಂದು ಕಟ್ ಅಂದರೆ 216 ಸೆಕೆಂಡಿನ ಹಾಡಿಗೆ 72 ತುಂಡು ಬೇಕು. ಹೆದರಬೇಡಿ. 72 ಸಲ ಕ್ಯಾಮೆರಾ ಹೂಡಬೇಕಾಗಿಲ್ಲ. ಒಂದೇ ಸೆಟಪ್‌ನಿಂದ ಐದಾರು ತುಂಡು ಬರುತ್ತವೆ. 14 ಸೆಟಪ್ ಇದ್ದರೆ ಬೇಕಾದಷ್ಟಾಯಿತು.

ಹಾಡುವ ಭಾಗಕ್ಕೆ ಪ್ರತಿ ಜಾಗದಲ್ಲಿ ವೈಡ್ (ದೂರದಿಂದ, ಇಡೀ ಜಾಗ), ಮಿಡ್ (ಸೊಂಟದಿಂದ ಮೇಲೆ), ಕ್ಲೋಸಪ್ (ಮುಖ ಮಾತ್ರ) ಮೂರೂ ತೆಗೆಯಿರಿ. ಜೊತೆಗೆ ಬದಿಯಿಂದ ಒಂದು. ಕಥೆಯ ಭಾಗದಲ್ಲಿ ಪ್ರತಿ ಕೆಲಸಕ್ಕೂ ಒಂದು ಹತ್ತಿರದ ಶಾಟ್ ಇರಲಿ: ಬುತ್ತಿ ಕಟ್ಟುವ ಅಜ್ಜಿಯ ಬೆರಳು, ಟಿಕೆಟ್ ಮಡಚುವ ಕೈ, ಬಸ್ಸಿನ ಕಿಟಕಿ ಸರಳು. ವಿದ್ಯಾರ್ಥಿಗಳ ವಿಡಿಯೊದಲ್ಲಿ ಯಾವಾಗಲೂ ಕಡಿಮೆ ಬೀಳುವುದು ಇವೇ. ವೈಡ್ ಶಾಟ್‌ಗಳು ಮೊಬೈಲ್ ಪರದೆಯಲ್ಲಿ ಚಿಕ್ಕದಾಗಿ ಕಾಣುತ್ತವೆ. ನೋಡುವವರಲ್ಲಿ ಹೆಚ್ಚಿನವರು ಮೊಬೈಲ್‌ನಲ್ಲೇ ನೋಡುತ್ತಾರೆ ಅಲ್ವಾ?

ಪಟ್ಟಿಯನ್ನು ಹಾಡಿನ ಕ್ರಮದಲ್ಲಿ ಬರೆದು, ಆಮೇಲೆ ಲೊಕೇಶನ್ ಮತ್ತು ಬೆಳಕಿನ ಕ್ರಮದಲ್ಲಿ ಮತ್ತೆ ಬರೆಯಿರಿ. ಶೂಟಿಂಗ್ ದಿನ ಕೈಯಲ್ಲಿ ಇರಬೇಕಾದದ್ದು ಎರಡನೆಯದು.

ಹಂತ 5: ಅನುಮತಿ

ಕಾಲೇಜಿನೊಳಗೆ ಪ್ರಿನ್ಸಿಪಾಲರಿಂದ ಒಂದು ಸಹಿ. ಯಾರದಾದರೂ ಮನೆ, ತೋಟ ಆದರೆ ಬಾಯಿಮಾತು ಸಾಕು, ಆದರೆ ಹಿಂದಿನ ದಿನ ಇನ್ನೊಮ್ಮೆ ಫೋನ್ ಮಾಡಿ. ಹಂಪಿ, ಬಾದಾಮಿ, ಪಟ್ಟದಕಲ್ಲು ಇಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಹೂಡಿ ಚಿತ್ರೀಕರಣ ಮಾಡಲು ಮೊದಲೇ ಅನುಮತಿ ಬೇಕು. ಕಾಡಿಗೆ ಅರಣ್ಯ ಇಲಾಖೆ, ಮೆಟ್ರೊ ನಿಲ್ದಾಣಕ್ಕೆ ಬಿಎಂಆರ್‌ಸಿಎಲ್, ಅಂದರೆ ಬೆಂಗಳೂರು ಮೆಟ್ರೊ ನಿಗಮ. ಇವಕ್ಕೆಲ್ಲ ಓಡಾಡುವಷ್ಟು ಸಮಯ ಸೆಮಿಸ್ಟರಿನಲ್ಲಿ ಇರುವುದಿಲ್ಲ. ನಿಮ್ಮೂರ ಕೆರೆ ಏರಿಯೇ ವಾಸಿ.

ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮ ನೋಡಿಕೊಳ್ಳಿ. 250 ಗ್ರಾಂ ಒಳಗಿನ ನ್ಯಾನೊ ಡ್ರೋನ್‌ಗೆ ಪೈಲಟ್ ಸರ್ಟಿಫಿಕೇಟ್ ಬೇಕಿಲ್ಲ, ಆದರೆ ಎಲ್ಲೆಂದರಲ್ಲಿ ಹಾರಿಸುವ ಹಾಗೂ ಇಲ್ಲ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ವಲಯ ಯಾವುದು, ಕೆಂಪು ವಲಯ ಯಾವುದು ಅಂತ ತೋರಿಸುತ್ತದೆ. ರೈಲು ಹಳಿಯ ಮೇಲೆ ಶೂಟಿಂಗ್ ಬೇಡವೇ ಬೇಡ. 1989ರ ರೈಲ್ವೆ ಕಾಯ್ದೆ ಪ್ರಕಾರ ಹಳಿಗೆ ಅತಿಕ್ರಮವಾಗಿ ಇಳಿಯುವುದೇ ಅಪರಾಧ, ಪ್ರಾಣದ ಮಾತು ಬೇರೆ.

ಹಂತ 6: ಮೊಬೈಲ್ ಸೆಟ್ಟಿಂಗ್

ಇಲ್ಲಿ ಆತುರ ಬೇಡ. ಒಮ್ಮೆ ಸರಿಯಾಗಿ ಮಾಡಿಟ್ಟರೆ ಎಡಿಟಿಂಗ್‌ನಲ್ಲಿ ದಿನಗಟ್ಟಲೆ ಉಳಿಯುತ್ತದೆ.

ಫ್ರೇಮ್ ರೇಟ್ 25 ಇಡಿ. ಹೆಚ್ಚಿನ ಮೊಬೈಲ್‌ಗಳು 30ರಲ್ಲಿ ಇರುತ್ತವೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟ್, ಕೆಲವು ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಶಟರ್, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಸಮಯ, ಅದಕ್ಕೆ ಹೊಂದದಿದ್ದರೆ ವಿಡಿಯೊದಲ್ಲಿ ಕಪ್ಪು ಪಟ್ಟಿಗಳು ಓಡಾಡುತ್ತವೆ. 25 ಫ್ರೇಮ್, ಶಟರ್ 50ರಲ್ಲಿ ಒಂದು ಸೆಕೆಂಡ್ ಇಟ್ಟರೆ ಆ ಕಾಟ ತಪ್ಪುತ್ತದೆ. ಬೆಳಕು ಜಾಸ್ತಿ ಇದ್ದರೆ 100ರಲ್ಲಿ ಒಂದು.

ಮೊಬೈಲ್‌ನ ಸಾಮಾನ್ಯ ಕ್ಯಾಮೆರಾದಲ್ಲಿ ಇವನ್ನು ಬದಲಿಸಲು ಆಗದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತ. ಐಫೋನ್‌ಗೂ ಇದೆ, ಕೆಲವು ಆಂಡ್ರಾಯ್ಡ್ ಫೋನ್‌ಗಳಿಗೂ ಇದೆ. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಪ್ರೊ ವಿಡಿಯೊ ಅನ್ನುವ ಆಯ್ಕೆಯೂ ಇರುತ್ತದೆ.

ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣದ ಹೊಂದಾಣಿಕೆ) ಮೂರನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಹಾಡುಗಾರ್ತಿ ಕೈ ಎತ್ತಿದ ಕೂಡಲೇ ಇಡೀ ಚಿತ್ರ ಬೆಳ್ಳಗಾಗಿ ಮತ್ತೆ ಕಪ್ಪಾಗುತ್ತದೆ. ಎಚ್‌ಡಿಆರ್ ಆಫ್ ಮಾಡಿ, ಬ್ಯೂಟಿ ಮೋಡ್ ಆಫ್ ಮಾಡಿ. 1080 ರೆಸೊಲ್ಯೂಶನ್ ಸಾಕು. ಎಚ್.264ರಲ್ಲಿ (ವಿಡಿಯೊ ಫೈಲ್ ಕುಗ್ಗಿಸುವ ಒಂದು ವಿಧಾನ) ನಿಮಿಷಕ್ಕೆ ಸುಮಾರು 130 ಎಂಬಿ ಆಗುತ್ತದೆ, ಹಳೆಯ ಲ್ಯಾಪ್‌ಟಾಪ್ ಕೂಡ ಎಳೆಯುತ್ತದೆ. ಏರೋಪ್ಲೇನ್ ಮೋಡ್ ಹಾಕಿ. ಒಳ್ಳೆಯ ಟೇಕಿನ ನಡುವೆ ಮನೆಯಿಂದ ಫೋನ್ ಬರುವುದು ಖಂಡಿತ. ಲೆನ್ಸ್ ಒರೆಸಿ. ಇದನ್ನು ಬರೆಯಬೇಕಾ ಅನ್ನಿಸಬಹುದು, ಬರೆಯಲೇಬೇಕು.

ಹಂತ 7: ಪ್ಲೇಬ್ಯಾಕ್

ಮ್ಯೂಸಿಕ್ ವಿಡಿಯೊವನ್ನು ಬೇರೆ ವಿಡಿಯೊಗಳಿಂದ ಬೇರೆ ಮಾಡುವುದು ಇದೊಂದೇ. ಸೆಟ್ಟಿನಲ್ಲಿ ಹಾಡು ಹಾಕುತ್ತೀರಿ, ಹಾಡುವವರು ಅದಕ್ಕೆ ತುಟಿ ಕೂಡಿಸುತ್ತಾರೆ, ಆಮೇಲೆ ಅದೇ ಹಾಡಿನ ಮೇಲೆ ಚಿತ್ರ ಜೋಡಿಸುತ್ತೀರಿ. ಹಾಗಾಗಿ ಪ್ಲೇಬ್ಯಾಕ್ ನೋಡಿಕೊಳ್ಳಲು ಒಬ್ಬರನ್ನು ಮೀಸಲಿಡಿ. ಅವರಿಗೆ ಬೇರೆ ಕೆಲಸ ಕೊಡಬೇಡಿ.

ಹಾಡಿನ ಫೈಲಿನ ಮುಂದೆ ನಾಲ್ಕು ಬೀಪ್ ಸೇರಿಸಿ, ಹಾಡಿನದೇ ವೇಗದಲ್ಲಿ. ಹಾಡುವವರಿಗೆ ಉಸಿರು ಎಳೆದುಕೊಳ್ಳಲು ಗುರುತು ಸಿಗುತ್ತದೆ, ಎಡಿಟರ್‌ಗೆ ಸಿಂಕ್ ಮಾಡಲು, ಅಂದರೆ ಚಿತ್ರವನ್ನು ಹಾಡಿಗೆ ಕೂಡಿಸಲು, ಗುರುತು ಸಿಗುತ್ತದೆ. ಆಡಾಸಿಟಿ ಅನ್ನುವ ಉಚಿತ ಆಡಿಯೊ ಸಾಫ್ಟ್‌ವೇರ್‌ನಲ್ಲಿ ಐದು ನಿಮಿಷದ ಕೆಲಸ.

ಸ್ಪೀಕರ್ ಹಾಡುವವರ ಹತ್ತಿರ ಇರಲಿ, ಫ್ರೇಮಿನ ಹೊರಗೆ. ದೂರದಿಂದ ವೈಡ್ ತೆಗೆಯುವಾಗ ಒಂದು ವಿಷಯ ನೆನಪಿಡಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಕ್ಯಾಮೆರಾ ಸ್ಪೀಕರ್‌ನಿಂದ 34 ಮೀಟರ್ ದೂರ ಇದ್ದರೆ ಕ್ಯಾಮೆರಾದ ಮೈಕಿಗೆ ಹಾಡು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಮುಟ್ಟುತ್ತದೆ, ಅಂದರೆ ಎರಡೂವರೆ ಫ್ರೇಮ್. ಆ ಶಬ್ದ ನಂಬಿ ಸಿಂಕ್ ಮಾಡಿದರೆ ತುಟಿ ಹಾಡಿಗಿಂತ ಮುಂದೆ ಹೋಗುತ್ತದೆ. ಅಂಥ ಶಾಟನ್ನು ತುಟಿ ನೋಡಿಯೇ ಕೂಡಿಸಬೇಕು. ಎರಡು ಬ್ಲೂಟೂತ್ ಸ್ಪೀಕರ್ ಒಟ್ಟಿಗೆ ಹಚ್ಚಬೇಡಿ. ಎರಡರ ವಿಳಂಬ ಒಂದೇ ಇರುವುದಿಲ್ಲ, ಹಾಡುವವರ ತಲೆ ಕೆಡುತ್ತದೆ.

ಹಾಡುವವರಿಗೆ ಒಂದೇ ಮಾತು: ಬರೀ ತುಟಿ ಆಡಿಸಬೇಡಿ, ಗಟ್ಟಿಯಾಗಿ ಹಾಡಿ. ನಿಜವಾಗಿ ಹಾಡಿದಾಗ ಕತ್ತಿನ ನರ, ಎದೆಯ ಏರಿಳಿತ ಎಲ್ಲವೂ ಕಾಣುತ್ತದೆ. ಬರೀ ತುಟಿಯ ಸುಳ್ಳು ಕ್ಲೋಸಪ್‌ನಲ್ಲಿ ತಕ್ಷಣ ಗೊತ್ತಾಗುತ್ತದೆ. ಸಾಹಿತ್ಯ ಬಾಯಿಪಾಠ ಇರಬೇಕು. ಚೀಟಿ ನೋಡುವ ಕಣ್ಣನ್ನು ಯಾವ ಎಡಿಟರೂ ಮುಚ್ಚಲಾರ.

ಸ್ಲೋ ಮೋಷನ್‌ನಲ್ಲಿ ನಡೆಯುತ್ತಿದ್ದರೂ ತುಟಿ ಸರಿಯಾಗಿ ಹಾಡಿಗೆ ಕೂಡುವ ಶಾಟ್ ನೋಡಿರುತ್ತೀರಿ. ಅದರ ಗುಟ್ಟು ಸರಳ. ಸೆಕೆಂಡಿಗೆ 50 ಫ್ರೇಮಿನಲ್ಲಿ ಶೂಟ್ ಮಾಡಿ, ಸೆಟ್ಟಿನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ. ಹಾಡುವವರು ಆ ವೇಗಕ್ಕೇ ಹಾಡಬೇಕು. ಎಡಿಟಿಂಗ್‌ನಲ್ಲಿ 25ಕ್ಕೆ ಇಳಿಸಿದಾಗ ಚಲನೆ ಅರ್ಧ ವೇಗಕ್ಕೆ ಬರುತ್ತದೆ, ತುಟಿ ಮೂಲ ಹಾಡಿಗೆ ಕೂಡುತ್ತದೆ. ಆಡಾಸಿಟಿಯ ಚೇಂಜ್ ಟೆಂಪೋದಲ್ಲಿ 100 ಪರ್ಸೆಂಟ್ ಹೆಚ್ಚಿಸಿದರೆ ಶ್ರುತಿ ಬದಲಾಗದೆ ವೇಗ ಎರಡು ಪಟ್ಟಾಗುತ್ತದೆ. 100 ಬಿಪಿಎಂನ ಹಾಡು 200 ಆಗುತ್ತದೆ, ಸೆಟ್ಟಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಮನೆಯಲ್ಲೇ ಅಭ್ಯಾಸ ಮಾಡಿಸಿ. ಇಡೀ ಹಾಡಿಗೆ ಬೇಡ, ಕೊನೆಯ ಪಲ್ಲವಿಯ ನಾಲ್ಕು ಬಾರಿಗೆ ಸಾಕು.

ಹಂತ 8: ಶೂಟಿಂಗ್ ದಿನ

ಬೆಳಿಗ್ಗೆ ಹತ್ತರ ಒಳಗೆ, ಸಂಜೆ ನಾಲ್ಕರ ಮೇಲೆ ಹೊರಗಿನ ಶಾಟ್. ನಡುಹಗಲು ಮನೆ, ಕ್ಲಾಸ್‌ರೂಮು. ನಡುಹಗಲಿನ ಬಿಸಿಲು ಕಣ್ಣಿನ ಕೆಳಗೆ ಕಪ್ಪು ಗುಳಿ ಮಾಡುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಇಬ್ಬರು ಬಿಳಿ ಪಂಚೆಯನ್ನು ಮೇಲೆ ಅಗಲವಾಗಿ ಹಿಡಿಯಲಿ, ಬಿಸಿಲು ಮೆತ್ತಗಾಗುತ್ತದೆ. ಇನ್ನೊಬ್ಬರು ಥರ್ಮಾಕೋಲ್ ಹಾಳೆಯಿಂದ ಕೆಳಗಿನಿಂದ ಮುಖಕ್ಕೆ ಬೆಳಕು ಹೊಡೆಯಲಿ. ದೊಡ್ಡ ಸಿನಿಮಾ ಸೆಟ್ಟಿನಲ್ಲೂ ನಡೆಯುವುದು ಇದೇ, ಬಟ್ಟೆ ಮಾತ್ರ ದೊಡ್ಡದು. ಬೆಳಕಿನ ಬಗ್ಗೆ ಅನುಮಾನ ಇದ್ದರೆ ನಿಮ್ಮೂರ ಮದುವೆ ವಿಡಿಯೊಗ್ರಾಫರ್ ಹತ್ತಿರ ಅರ್ಧ ಗಂಟೆ ಕೂತು ಬನ್ನಿ. ಯಾವ ಮುಖಕ್ಕೆ ಯಾವ ಕಡೆಯ ಬೆಳಕು ಅನ್ನುವುದು ಅವರಷ್ಟು ಬೇಗ ಬೇರೆ ಯಾರಿಗೂ ತಿಳಿಯುವುದಿಲ್ಲ.

ಕ್ರಮ ಹೀಗಿರಲಿ. ನಿರ್ದೇಶಕಿ ರೋಲ್ ಅಂದಾಗ ಕ್ಯಾಮೆರಾ ಶುರು. ಕಂಟಿನ್ಯುಟಿ (ಶಾಟಿನಿಂದ ಶಾಟಿಗೆ ಬಟ್ಟೆ, ಸಾಮಾನು ಬದಲಾಗದಂತೆ) ನೋಡುವವರು ಸೆಟಪ್ ನಂಬರು, ಟೇಕ್ ನಂಬರು ಗಟ್ಟಿಯಾಗಿ ಹೇಳಿ ಕೈ ಚಪ್ಪಾಳೆ ತಟ್ಟಬೇಕು. ಆಮೇಲೆ ಪ್ಲೇಬ್ಯಾಕ್. ನಾಲ್ಕು ಬೀಪ್. ಹಾಡು. ತಪ್ಪಿದರೂ ನಡುವೆ ಕಟ್ ಹೇಳಬೇಡಿ, ಮುಂದಿನ ಸಾಲಿನಲ್ಲಿ ಚಿನ್ನ ಸಿಗಬಹುದು.

ಹಾಡು 3:36 ಇದ್ದರೂ ಸಿದ್ಧತೆ ಸೇರಿ ಒಂದು ಪೂರ್ತಿ ಟೇಕಿಗೆ 9 ನಿಮಿಷ ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. ಐದು ಸೆಟಪ್, ತಲಾ ಎರಡು ಟೇಕ್ ಅಂದರೆ ಒಂದೂವರೆ ಗಂಟೆ ಹೋಯಿತು. ಹಾಗಾಗಿ ಪೂರ್ತಿ ಹಾಡನ್ನು ಒಂದು ಮಿಡ್ ಶಾಟ್‌ನಲ್ಲಿ ಮಾತ್ರ ತೆಗೆಯಿರಿ. ಅದು ನಿಮ್ಮ ವಿಮೆ. ಉಳಿದ ಸೆಟಪ್‌ಗಳಲ್ಲಿ ಆ ಜಾಗದ ಭಾಗವನ್ನಷ್ಟೇ, ಮುಂದೆ ಹಿಂದೆ ಎರಡೆರಡು ಬಾರ್ ಸೇರಿಸಿ ತೆಗೆಯಿರಿ.

ಝೂಮ್ ಎಳೆಯಬೇಡಿ, ನಡೆದು ಹತ್ತಿರ ಹೋಗಿ. ಪ್ರತಿ ಜಾಗ ಬಿಡುವ ಮುಂಚೆ ಬಟ್ಟೆ, ಕೂದಲು, ಬ್ಯಾಗ್ ಯಾವ ಹೆಗಲಲ್ಲಿತ್ತು ಅಂತ ಒಂದು ಫೋಟೊ. ಮಧ್ಯಾಹ್ನ ಊಟದ ಹೊತ್ತಿಗೆ ಬೆಳಗಿನ ಶಾಟ್‌ಗಳನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿ. ಊಟ ತಡವಾದರೆ ತಂಡ ಮುನಿಸಿಕೊಳ್ಳುತ್ತದೆ, ಅದನ್ನೂ ಪಟ್ಟಿಯಲ್ಲಿ ಬರೆಯಿರಿ.

ಫೈಲ್‌ಗಳನ್ನು ವಾಟ್ಸಾಪ್‌ನಲ್ಲಿ ವಿಡಿಯೊ ಆಗಿ ಕಳಿಸಬೇಡಿ, ಗುಣಮಟ್ಟ ಕುಗ್ಗುತ್ತದೆ. ಕೇಬಲ್ ಹಾಕಿ. ಎರಡು ಕಡೆ ಕಾಪಿ ಆಗುವವರೆಗೆ ಮೊಬೈಲ್‌ನಿಂದ ಏನೂ ಅಳಿಸಬೇಡಿ.

ಹಂತ 9: ಎಡಿಟಿಂಗ್

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಈ ಕೆಲಸಕ್ಕೆ ಧಾರಾಳ ಸಾಕು. ಲ್ಯಾಪ್‌ಟಾಪ್ ಬಡಪಾಯಿ ಆದರೆ ಶಾಟ್‌ಕಟ್ ಅಥವಾ ಕೆಡೆನ್‌ಲೈವ್, ಎರಡೂ ಉಚಿತ. ಮೊಬೈಲ್‌ನಲ್ಲೇ ಮಾಡುವುದಾದರೆ ಕೈನ್‌ಮಾಸ್ಟರ್ ನಡೆಯುತ್ತದೆ, ಉಚಿತ ಆವೃತ್ತಿಯಲ್ಲಿ ವಾಟರ್‌ಮಾರ್ಕ್ ಬರುತ್ತದೆ.

ಮೊದಲು ಒಂದು ಎಚ್ಚರಿಕೆ. ಮೊಬೈಲ್‌ಗಳು ಹಲವು ಸಲ ಫ್ರೇಮ್ ರೇಟನ್ನು ತಾವೇ ಹೆಚ್ಚು ಕಡಿಮೆ ಮಾಡುತ್ತಿರುತ್ತವೆ. ಶುರುವಿನಲ್ಲಿ ತುಟಿ ಕೂಡುತ್ತದೆ, ಎರಡು ನಿಮಿಷದ ಹೊತ್ತಿಗೆ ಜಾರಿರುತ್ತದೆ. ಹೀಗೆ ಕಂಡರೆ ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಹಾಕಿ, ಸ್ಥಿರ ಫ್ರೇಮ್ ರೇಟ್ ಆಯ್ಕೆ ಮಾಡಿ, 25ಕ್ಕೆ ಬದಲಿಸಿಕೊಂಡು ಆಮೇಲೆ ಎಡಿಟ್ ಶುರು ಮಾಡಿ. ಸ್ಲೋ ಮೋಷನ್‌ಗೆ ತೆಗೆದ 50ರ ಶಾಟ್‌ಗಳನ್ನು ಮಾತ್ರ 50ರಲ್ಲೇ ಉಳಿಸಿ.

ಟೈಮ್‌ಲೈನ್ 25 ಫ್ರೇಮಿಗೆ ಇಡಿ. ಮೂಲ ಹಾಡಿನ ವೇವ್ ಫೈಲನ್ನು ಮೊದಲ ಆಡಿಯೊ ಟ್ರ್ಯಾಕಿಗೆ ಹಾಕಿ, ಲಾಕ್ ಮಾಡಿ. ಇನ್ನು ಅದನ್ನು ಮುಟ್ಟುವ ಹಾಗಿಲ್ಲ. ಹಾಡು ಕೇಳುತ್ತಾ ಪ್ರತಿ ಬಾರಿನ ಮೊದಲ ಬೀಟಿಗೆ ಎಂ ಕೀ ಒತ್ತಿ ಮಾರ್ಕರ್ ಹಾಕಿ. ಪಲ್ಲವಿ, ಚರಣಗಳಿಗೆ ಬೇರೆ ಬಣ್ಣ. ಹಂತ 2ರ ಹಾಳೆ ಈಗ ಪರದೆಯ ಮೇಲೆ ಬಂತು.

ಹಾಡುವ ಟೇಕ್‌ಗಳನ್ನೆಲ್ಲ ಒಂದರ ಮೇಲೊಂದು ಟ್ರ್ಯಾಕಿನಲ್ಲಿ ಇಟ್ಟು, ಬೀಪ್‌ನ ವೇವ್‌ಫಾರ್ಮ್ ನೋಡಿ ಹಾಡಿಗೆ ಕೂಡಿಸಿ. ಅರ್ಧದಿಂದ ಶುರುವಾದ ಟೇಕ್‌ಗಳನ್ನು ತಬಲದ ಗಟ್ಟಿ ಪೆಟ್ಟು ನೋಡಿ ಕೂಡಿಸಬಹುದು. ರಿಸಾಲ್ವ್‌ನಲ್ಲಿ ಆಡಿಯೊ ನೋಡಿ ತಾನೇ ಸಿಂಕ್ ಮಾಡುವ ವ್ಯವಸ್ಥೆಯೂ ಇದೆ. ಕೂಡಿದ ಮೇಲೆ ಕ್ಯಾಮೆರಾದ ಶಬ್ದವನ್ನೆಲ್ಲ ಮ್ಯೂಟ್ ಮಾಡಿ.

ಮೊದಲ ಕಟ್‌ನಲ್ಲಿ ಕಥೆಯ ಶಾಟ್ ಒಂದೂ ಬೇಡ. ಬರೀ ಹಾಡುವ ಮುಖಗಳಿಂದಲೇ ಹಾಡು ಪೂರ್ತಿ ಮಾಡಿ. ಬೋರ್ ಆಗುತ್ತದೆ, ಆಗಲಿ. ಎಲ್ಲಿ ಬೋರ್ ಆಯಿತು ಅಂತ ಬರೆದುಕೊಳ್ಳಿ. ಕಥೆಯ ಶಾಟ್‌ಗಳು ಹೋಗಬೇಕಾದದ್ದು ಅಲ್ಲಿಗೇ. ಎರಡನೇ ಕಟ್‌ನಲ್ಲಿ ಅವನ್ನು ಮೇಲಿನ ಟ್ರ್ಯಾಕಿನಲ್ಲಿ ಹಾಕುತ್ತಾ ಬನ್ನಿ.

ಬೀಟಿಗೆ ಕಟ್ ಮಾಡುವ ಬಗ್ಗೆ ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಪ್ರತಿ ಬೀಟಿಗೂ ಕತ್ತರಿಸಿದರೆ ಹತ್ತು ಸೆಕೆಂಡಿನಲ್ಲಿ ನೋಡುವವರಿಗೆ ಲೆಕ್ಕ ಸಿಕ್ಕಿಬಿಡುತ್ತದೆ. ಆಮೇಲೆ ಅವರು ನೋಡುವುದಿಲ್ಲ, ಎಣಿಸುತ್ತಾರೆ. ನಮ್ಮ ಹಾಡಿನಲ್ಲಿ ಮೊದಲ ಪಲ್ಲವಿಯ ಶಾಟ್‌ಗಳು ಎರಡೆರಡು ಬಾರ್ ನಿಲ್ಲಲಿ, ಐದು ಸೆಕೆಂಡಿಗೆ ಸ್ವಲ್ಪ ಕಡಿಮೆ. ಚರಣದಲ್ಲಿ ಒಂದೊಂದು ಬಾರ್. ಎರಡನೇ ಬಿಜಿಎಂನಲ್ಲಿ ತಾಳ ಏರಿದಾಗ ಎರಡು ಬೀಟಿಗೊಂದು ಕಟ್, 30 ಫ್ರೇಮ್. ಕೊನೆಯ ಪಲ್ಲವಿಯಲ್ಲಿ ಹುಡುಗಿ ಜಾಗ ಮಾಡಿಕೊಡುವ ಶಾಟನ್ನು ನಾಲ್ಕು ಬಾರ್ ಕತ್ತರಿಸದೆ ಬಿಡಿ. ಹಾಡಿನ ಉದ್ದಕ್ಕೂ ಓಡಿದ ಕಟ್ ಅಲ್ಲಿ ನಿಂತಾಗ ನೋಡುವವರೂ ನಿಲ್ಲುತ್ತಾರೆ.

ಬೀಟಿನ ಮೇಲೆ ಕಟ್ ಮಾಡುವಾಗಲೂ ಒಂದೆರಡು ಫ್ರೇಮ್ ಮುಂಚೆ ಕತ್ತರಿಸಿ ನೋಡಿ. ಹೊಸ ಚಿತ್ರ ಅರ್ಥವಾಗಲು ಕಣ್ಣಿಗೆ ಒಂದು ಚೂರು ಸಮಯ ಬೇಕು. ಸರಿಯಾಗಿ ಬೀಟಿಗೇ ಕತ್ತರಿಸಿದ್ದು ಹಲವು ಸಲ ತಡವಾದಂತೆ ಕಾಣುತ್ತದೆ. ಚಲನೆಯ ನಡುವೆ ಕತ್ತರಿಸಿದರೆ, ಅಂದರೆ ಕೈ ಏಳುತ್ತಿರುವಾಗ ವೈಡ್‌ನಿಂದ ಕ್ಲೋಸಪ್‌ಗೆ ಹೋದರೆ, ಕಟ್ ಕಣ್ಣಿಗೆ ಬೀಳುವುದೇ ಇಲ್ಲ.

ಟ್ರಾನ್ಸಿಷನ್ ಅಂಗಡಿಗೆ ಹೋಗಬೇಡಿ. ಪುಟ ಮಡಚುವುದು, ನಕ್ಷತ್ರ ಸಿಡಿಯುವುದು ಎಲ್ಲ ಮದುವೆ ಆಲ್ಬಮ್ಮಿಗೆ ಇರಲಿ.

ಕಟ್ ಮುಗಿದ ಮೇಲೆ ಶಬ್ದ ಮ್ಯೂಟ್ ಮಾಡಿ ಒಮ್ಮೆ ನೋಡಿ. ಕಥೆ ತಿಳಿಯಬೇಕು. ಹಾಡು ಒಮ್ಮೆಯೂ ಕೇಳದ ಯಾರಿಗಾದರೂ ತೋರಿಸಿ, ಬೇಕಿದ್ದರೆ ಹಾಸ್ಟೆಲ್ ಮೆಸ್ಸಿನ ಅಣ್ಣನಿಗೆ. ಏನಾಯಿತು ಅಂತ ಕೇಳಿ, ಏನು ಅನ್ನಿಸಿತು ಅಂತ ಕೇಳಬೇಡಿ. ಅನ್ನಿಸಿದ್ದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ.

ಹಂತ 10: ಬಣ್ಣ ಮತ್ತು ಕನ್ನಡ ಅಕ್ಷರ

ಬಣ್ಣದಲ್ಲಿ ಮೊದಲು ಎಲ್ಲ ಶಾಟ್‌ಗಳ ಬೆಳಕು ಸಮ ಮಾಡಿ. ಆಮೇಲೆ ವೈಟ್ ಬ್ಯಾಲೆನ್ಸ್. ಚರ್ಮದ ಬಣ್ಣ ಎಲ್ಲ ಶಾಟ್‌ನಲ್ಲೂ ಒಂದೇ ಇದೆಯಾ ನೋಡಿ. ನಮ್ಮ ಮೈಬಣ್ಣವನ್ನು ಬೆಳ್ಳಗೆ ಮಾಡುವ ಫಿಲ್ಟರ್ ಬೇಡ. ಕೊನೆಗೆ ಬೇಕಿದ್ದರೆ ಇಡೀ ವಿಡಿಯೊಗೆ ಒಂದು ಛಾಯೆ.

ಹೆಸರು, ಸಾಹಿತ್ಯ ಕನ್ನಡದಲ್ಲಿ ಹಾಕುವಾಗ ಒತ್ತಕ್ಷರಗಳು ಒಡೆದು ಬೀಳುವುದು ನಮ್ಮೆಲ್ಲರ ಸಂಕಟ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನೋಟೊ ಸ್ಯಾನ್ಸ್ ಕನ್ನಡ, ಬಲೂ ತಮ್ಮ ಎರಡೂ ಉಚಿತ, ಪರದೆಯ ಮೇಲೆ ಚೆನ್ನಾಗಿ ಕಾಣುತ್ತವೆ. ಎಡಿಟಿಂಗ್‌ಗೆ ಅಡೋಬಿ ಪ್ರೀಮಿಯರ್ ಬಳಸುವವರು ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ಭಾಗದಲ್ಲಿ ಟೆಕ್ಸ್ಟ್ ಎಂಜಿನನ್ನು ಸೌತ್ ಏಷ್ಯನ್‌ಗೆ ಬದಲಿಸಬೇಕು. ಇಷ್ಟಾದರೂ ಒತ್ತು ಒಡೆದರೆ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ಅಕ್ಷರ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ಟೈಮ್‌ಲೈನಿಗೆ ಹಾಕಿ. ಈ ದಾರಿ ಯಾವ ಸಾಫ್ಟ್‌ವೇರ್‌ನಲ್ಲೂ ಕೈಕೊಡುವುದಿಲ್ಲ.

ಹಂತ 11: ಎಕ್ಸ್‌ಪೋರ್ಟ್, ಅಪ್‌ಲೋಡ್

ಎಚ್.264, 1080, 25 ಫ್ರೇಮ್. ಯೂಟ್ಯೂಬ್ ಈ ಅಳತೆಗೆ 8 ಎಂಬಿಪಿಎಸ್ (ಸೆಕೆಂಡಿಗೆ 8 ಮೆಗಾಬಿಟ್) ಸೂಚಿಸುತ್ತದೆ. 16 ಇಟ್ಟರೆ ನಷ್ಟವಿಲ್ಲ. ಆಡಿಯೊ ಎಎಸಿ, 48 ಕಿಲೊಹರ್ಟ್ಸ್. ಯೂಟ್ಯೂಬ್ ಗಟ್ಟಿ ಹಾಡುಗಳನ್ನು ಸುಮಾರು ಮೈನಸ್ 14 ಲಫ್ಸ್ (ಶಬ್ದದ ಜೋರಿನ ಅಳತೆ) ಮಟ್ಟಕ್ಕೆ ತಾನೇ ಇಳಿಸುತ್ತದೆ. ಹಾಡು ಜೋರಾಗಿ ಕೇಳಲಿ ಅಂತ ಮಿಕ್ಸ್ ಅನ್ನು ಹಿಂಡಿದರೆ ಏನೂ ಸಿಗುವುದಿಲ್ಲ, ತಬಲದ ಪೆಟ್ಟು ಮಾತ್ರ ಚಪ್ಪಟೆ ಆಗುತ್ತದೆ.

ಮೊದಲು ಅನ್‌ಲಿಸ್ಟೆಡ್ ಆಗಿ (ಲಿಂಕ್ ಇದ್ದವರಿಗೆ ಮಾತ್ರ ಕಾಣುವಂತೆ) ಹಾಕಿ. ಕ್ಲೇಮ್ ಬರುತ್ತದಾ, ತುಟಿ ಕೂಡುತ್ತದಾ, ಒತ್ತಕ್ಷರ ಸರಿ ಇದೆಯಾ ಅಂತ ಮೂರು ಬೇರೆ ಬೇರೆ ಮೊಬೈಲ್‌ನಲ್ಲಿ ನೋಡಿ. ಟಿವಿಗೆ ಬ್ಲೂಟೂತ್ ಸ್ಪೀಕರ್ ಹಚ್ಚಿ ನೋಡಿದಾಗ ತುಟಿ ತಪ್ಪಿದರೆ ಗಾಬರಿ ಬೇಡ, ಅದು ಆ ಸ್ಪೀಕರಿನ ವಿಳಂಬ ಇರಬಹುದು. ಎಲ್ಲ ಸರಿ ಇದ್ದರೆ ಪಬ್ಲಿಕ್ ಮಾಡಿ. ವಿವರಣೆಯಲ್ಲಿ ಎಲ್ಲರ ಹೆಸರು ಬರೆಯಿರಿ, ಪಂಚೆ ಹಿಡಿದವರದ್ದೂ, ಬುತ್ತಿ ಕಟ್ಟಿಕೊಟ್ಟ ಅಜ್ಜಿಯದ್ದೂ. ಅವರವರ ಹೆಸರಿನ ಕಾಗುಣಿತವನ್ನು ಅವರನ್ನೇ ಕೇಳಿ.